ತಾನಾಗಿ ಮುಚ್ಚಿಕೊಳ್ಳುವ ಕಣ್ಣು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳ ಸಂಘ ಏರ್ಪಡಿಸಿದ್ದ ಆರೋಗ್ಯ ಉಪನ್ಯಾಸದ ಬರಹರೂಪ)

ಕಣ್ಣಿನ ಡಾಕ್ಟರನ್ನು ಭಾಷಣಕ್ಕೆ ಕರೆದರೆ ಪೊರೆಯ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ, ಮಕ್ಕಳ ಕನ್ನಡಕದ ಬಗ್ಗೆ ಮಾತಾಡುತ್ತಾರೆ ಎಂದು ನೀವು ನಿರೀಕ್ಷಿಸುತ್ತೀರಿ. ಅವೆಲ್ಲ ಮುಖ್ಯವಾದವೇ. ಆದರೆ ಅವನ್ನು ನಿಮಗೆ ಹೇಳುವವರು ಈಗ ಬಹಳ ಜನ ಇದ್ದಾರೆ. ಯಾರೂ ಹೇಳದ ಒಂದು ಕಾಯಿಲೆಯ ಬಗ್ಗೆ ಮಾತಾಡಲು ಈ ಅರ್ಧ ಗಂಟೆಯನ್ನು ಕೇಳಿಕೊಂಡಿದ್ದೇನೆ. ಈ ಕಾಯಿಲೆಯಲ್ಲಿ ಕಣ್ಣಿನ ದೃಷ್ಟಿ ಸರಿಯಾಗಿಯೇ ಇರುತ್ತದೆ. ಆದರೆ ರೆಪ್ಪೆಗಳು ತಾವಾಗಿಯೇ ಬಿಗಿದು ಮುಚ್ಚಿಕೊಳ್ಳುತ್ತವೆ. ತೆರೆಯಬೇಕೆಂದರೂ ತೆರೆಯುವುದಿಲ್ಲ. ವೈದ್ಯರು ಇದನ್ನು ಬ್ಲೆಫರೋಸ್ಪಾಸಂ ಎನ್ನುತ್ತಾರೆ. ನಾವು ಕಣ್ಣುರೆಪ್ಪೆಯ ಸೆಳೆತ ಎನ್ನೋಣ.

ಮೊದಲೇ ಒಂದು ಭಯ ಕಳೆದುಬಿಡುತ್ತೇನೆ. ಕಣ್ಣು ಅದುರುವುದು ನಮ್ಮೆಲ್ಲರಿಗೂ ಗೊತ್ತು. ಗಂಡಸಿಗೆ ಬಲಗಣ್ಣು ಅದುರಿದರೆ ಒಳ್ಳೆಯದು, ಹೆಂಗಸಿಗೆ ಎಡಗಣ್ಣು ಅದುರಿದರೆ ಒಳ್ಳೆಯದು ಎಂದು ಅಜ್ಜಿಯರು ಹೇಳುತ್ತಿದ್ದರು. ಒಂದೇ ಕಣ್ಣಿನ ರೆಪ್ಪೆಯೊಳಗೆ, ಹೆಚ್ಚಾಗಿ ಕೆಳರೆಪ್ಪೆಯಲ್ಲಿ, ಸಣ್ಣಗೆ ಪಟಪಟ ಎನ್ನುವ ಈ ಅದುರಿಗೆ ನಿದ್ದೆಗೇಡು, ದಣಿವು, ಚಿಂತೆ, ಅತಿಯಾದ ಕಾಫಿ ಕಾರಣ. ಕೆಲವು ದಿನ ಅಥವಾ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದುವ ಮಕ್ಕಳಿಗೆ ಇದು ಬರುತ್ತದೆ. ಇದರಿಂದ ಶುಭವೂ ಇಲ್ಲ, ಅಶುಭವೂ ಇಲ್ಲ.

ನಾನು ಹೇಳುತ್ತಿರುವುದು ಬೇರೆಯದು. ಇದು ಎರಡೂ ಕಣ್ಣಿಗೆ ಬರುತ್ತದೆ. ಸಾಮಾನ್ಯವಾಗಿ ಐವತ್ತು ದಾಟಿದವರಿಗೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಶುರುವಿನಲ್ಲಿ ಕಣ್ಣಲ್ಲಿ ಮರಳು ಬಿದ್ದ ಹಾಗೆ, ಒಣಗಿದ ಹಾಗೆ ಅನ್ನಿಸುತ್ತದೆ. ಬಿಸಿಲು ಕಂಡರೆ ಆಗುವುದಿಲ್ಲ. ಎವೆ ಬಡಿಯುವುದು ಜಾಸ್ತಿಯಾಗುತ್ತದೆ. ಸುಮ್ಮನೆ ಕುಳಿತ ಮನುಷ್ಯ ಒಂದು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಎವೆ ಬಡಿಯುತ್ತಾನೆ. ನಿಮಿಷ ಎಂಬ ಮಾತಿನ ಮೂಲ ಅರ್ಥವೇ ಎವೆ ಬಡಿಯುವುದು. ಎವೆ ಬಡಿಯದ ದೇವತೆಗಳಿಗೆ ಅನಿಮಿಷರು ಎಂಬ ಹೆಸರು ಬಂದದ್ದೂ ಅದರಿಂದಲೇ. ಈ ಕಾಯಿಲೆ ಬಂದವರಲ್ಲಿ ಆ ಎಣಿಕೆ ದುಪ್ಪಟ್ಟು, ಮುಪ್ಪಟ್ಟು ಆಗುತ್ತದೆ. ಆಮೇಲೆ ಬಡಿತ ಹೋಗಿ ಬಿಗಿತ ಬರುತ್ತದೆ. ಕಣ್ಣು ಮುಚ್ಚಿದ್ದು ಹಲವು ಸೆಕೆಂಡು, ಕೆಲವರಲ್ಲಿ ನಿಮಿಷಗಟ್ಟಲೆ ತೆರೆಯುವುದಿಲ್ಲ.

ಯಲಹಂಕದ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸಿನ ಬೋರ್ಡು ಓದಬೇಕು. ಬಸ್ಸು ಬಂದ ಗಳಿಗೆಯಲ್ಲೇ ಕಣ್ಣು ಮುಚ್ಚಿಕೊಂಡರೆ ಏನು ಮಾಡುವುದು? ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆ ದಾಟುವಾಗ ನಡುವೆ ಮುಚ್ಚಿಕೊಂಡರೆ? ಯಶವಂತಪುರದ ಮಾರುಕಟ್ಟೆಯಲ್ಲಿ ತಕ್ಕಡಿ ನೋಡುವಾಗ, ಒಲೆಯ ಮೇಲಿನ ಎಣ್ಣೆ ಇಳಿಸುವಾಗ? ಇಂಥವರು ಕುರುಡರಲ್ಲ. ಬೋರ್ಡಿನ ಕೊನೆಯ ಸಾಲನ್ನೂ ಓದುವಷ್ಟು ದೃಷ್ಟಿ ಇರುತ್ತದೆ. ಆದರೂ ಕೈಹಿಡಿದು ನಡೆಸುವವರು ಬೇಕಾಗುತ್ತದೆ.

ಇನ್ನು ಈ ಕಾಯಿಲೆಯ ವಿಚಿತ್ರ ಗುಣಕ್ಕೆ ಬರುತ್ತೇನೆ. ಇದು ಒಂದೇ ಸಮನೆ ಇರುವುದಿಲ್ಲ. ಬಿಸಿಲಿನಲ್ಲಿ, ನಡೆಯುವಾಗ, ಓದುವಾಗ, ಟಿ.ವಿ. ನೋಡುವಾಗ, ನಾಲ್ಕು ಜನರ ಮುಂದೆ ಹೆಚ್ಚುತ್ತದೆ. ನಿದ್ದೆಯಲ್ಲಿ ಇರುವುದಿಲ್ಲ. ಕೆಲವರಿಗೆ ಹಾಡು ಗುನುಗಿದರೆ ಬಿಗಿತ ಸಡಿಲವಾಗುತ್ತದೆ. ಕೆಲವರಿಗೆ ಎಲೆ ಅಡಿಕೆ ಜಗಿಯುವಾಗ, ಕೆಲವರಿಗೆ ಮಾತಾಡುವಾಗ, ಕೆಲವರಿಗೆ ಹುಬ್ಬಿನ ಪಕ್ಕ ಒಂದು ಬೆರಳು ಇಟ್ಟುಕೊಂಡರೆ ಸಾಕು, ಕಣ್ಣು ತೆರೆಯುತ್ತದೆ. ಡಾಕ್ಟರ ಮುಂದೆ ಕುರ್ಚಿಯಲ್ಲಿ ಕುಳಿತಾಗ ಏನೂ ಆಗಿಲ್ಲದಂತೆ ಕಣ್ಣರಳಿಸಿ ಕೂರುವವರೂ ಇದ್ದಾರೆ.

ಮನೆಯವರ ಮಾತು ಹುಟ್ಟುವುದು ಇಲ್ಲೇ. "ಡಾಕ್ಟ್ರೇ, ನಮ್ಮತ್ತೆ ದೇವರ ನಾಮ ಹೇಳೋವಾಗ ಕಣ್ಣು ಚೆನ್ನಾಗೇ ಇರುತ್ತೆ. ಕೆಲಸ ಅಂದ್ರೆ ಮುಚ್ಚಿಕೊಳ್ತಾರೆ." ಈ ಮಾತನ್ನು ನಾನು ಬೇರೆ ಬೇರೆ ಮನೆಯವರ ಬಾಯಲ್ಲಿ ಕೇಳಿದ್ದೇನೆ. ಕೇಳುತ್ತಾ ಪಕ್ಕದಲ್ಲಿ ಕುಳಿತ ಆ ಅತ್ತೆಯ ಮುಖವನ್ನೂ ನೋಡಿದ್ದೇನೆ. ನಾಟಕ, ಸೋಮಾರಿತನ, ಗಾಳಿ ಸೋಕಿದೆ, ಮಾಟ, ಮನಸ್ಸಿನ ಕಾಯಿಲೆ: ಹೆಸರುಗಳು ಬೇರೆ ಬೇರೆ, ಅರ್ಥ ಒಂದೇ. ನಿನ್ನನ್ನು ನಾವು ನಂಬುವುದಿಲ್ಲ ಎಂದು. ಎರಡು ವರ್ಷ, ಮೂರು ವರ್ಷ ಹೀಗೆ ಕಳೆದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಅಷ್ಟರೊಳಗೆ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಿರುತ್ತಾರೆ.

ಮನೆಯವರನ್ನು ಮಾತ್ರ ದೂರುವುದು ಸರಿಯಲ್ಲ. ವೈದ್ಯಲೋಕವೂ ಬಹಳ ಕಾಲ ಇದೇ ಮಾತು ಹೇಳಿತು. ಪ್ಯಾರಿಸ್ಸಿನ ಹೆನ್ರಿ ಮೀಜ್ ಎಂಬ ನರತಜ್ಞರು 1910ರಲ್ಲಿಯೇ ಕಣ್ಣು ಮತ್ತು ಮುಖದ ಈ ಸೆಳೆತವನ್ನು ವಿವರಿಸಿ ಬರೆದಿದ್ದರು. ಆದರೂ ಇದನ್ನು ಮನಸ್ಸಿನ ಖಾತೆಗೇ ಹಾಕುವವರು ಹೆಚ್ಚಾಗಿದ್ದರು. 1976ರಲ್ಲಿ ಲಂಡನ್ನಿನ ಡೇವಿಡ್ ಮಾರ್ಸ್‌ಡನ್ ಇಂಥ ರೋಗಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿ, ಇದು ಮಿದುಳಿನ ಚಲನೆಯ ದೋಷ, ಡಿಸ್ಟೋನಿಯಾ ಎಂಬ ಗುಂಪಿಗೆ ಸೇರಿದ್ದು ಎಂದು ವಾದಿಸಿದರು. ಹುಬ್ಬಿನ ಪಕ್ಕ ಬೆರಳಿಟ್ಟರೆ ಸಡಿಲವಾಗುವುದು ಈ ಗುಂಪಿನ ಕಾಯಿಲೆಗಳ ಲಕ್ಷಣ. ಅಂದರೆ, ಯಾವ ಗುಣವನ್ನು ನೋಡಿ ನಾವು ನಾಟಕ ಎನ್ನುತ್ತೇವೋ ಅದೇ ಗುಣದಿಂದ ವೈದ್ಯರು ರೋಗವನ್ನು ಗುರುತು ಹಿಡಿಯುತ್ತಾರೆ. ಇವತ್ತಿನ ನನ್ನ ಮಾತುಗಳಲ್ಲಿ ಒಂದನ್ನೇ ನೆನಪಿಡುವುದಾದರೆ ದಯವಿಟ್ಟು ಇದನ್ನು ನೆನಪಿಡಿ.

ಈಗ ಚಿಕಿತ್ಸೆಗೆ ಬರೋಣ. ಕಣ್ಣಿನ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇದೆ. ಅದು ಬಿಗಿದರೆ ಕಣ್ಣು ಮುಚ್ಚುತ್ತದೆ. ಮಿದುಳಿನಿಂದ ಬರುವ ನರ ತನ್ನ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟಾಗ ಆ ಸ್ನಾಯು ಬಿಗಿಯುತ್ತದೆ. ಮಿದುಳಿನ ಆಳದಲ್ಲಿ ಚಲನೆಯನ್ನು ಹದದಲ್ಲಿಡುವ ಏರ್ಪಾಡು ತಪ್ಪಿದಾಗ, ಬಿಗಿ ಎಂಬ ಆಜ್ಞೆ ಬೇಡದಿದ್ದರೂ ಬರುತ್ತಲೇ ಇರುತ್ತದೆ. ಹಿಂದೆ ಮಾತ್ರೆ ಕೊಟ್ಟು ನೋಡಿದರು; ಹೆಚ್ಚಿನವರಿಗೆ ಗುಣ ಸಿಗಲಿಲ್ಲ. ಮುಖದ ನರದ ಕವಲುಗಳನ್ನು ಕತ್ತರಿಸಿದರು, ಸ್ನಾಯುವನ್ನೇ ತೆಗೆದರು. ಮುಖ ಸೊಟ್ಟಗಾಗುವ, ಸೆಳೆತ ಮರಳಿ ಬರುವ ತೊಂದರೆಗಳಿದ್ದವು.

ಮದ್ದು ಬಂದದ್ದು ಯಾರೂ ಊಹಿಸದ ಕಡೆಯಿಂದ. ಜರ್ಮನಿಯ ಒಂದು ಪ್ರಾಂತ್ಯದಲ್ಲಿ ಕೆಟ್ಟ ಮಾಂಸದ ಸಾಸೇಜ್ ತಿಂದು ಜನ ಸಾಯುತ್ತಿದ್ದರು. ಮೊದಲು ರೆಪ್ಪೆ ಜೋಲುತ್ತಿತ್ತು, ನುಂಗಲು ಆಗುತ್ತಿರಲಿಲ್ಲ, ಕೊನೆಗೆ ಉಸಿರು ನಿಲ್ಲುತ್ತಿತ್ತು. ಜಸ್ಟಿನಸ್ ಕೆರ್ನರ್ ಎಂಬ ವೈದ್ಯ, ಅವರು ಕವಿಯೂ ಹೌದು, ಈ ಪ್ರಕರಣಗಳನ್ನು ಒಂದೊಂದಾಗಿ ಬರೆದಿಟ್ಟು 1820ರಲ್ಲಿ ಮತ್ತು 1822ರಲ್ಲಿ ಗ್ರಂಥ ಪ್ರಕಟಿಸಿದರು. ಈ ವಿಷ ನರಗಳ ಕೆಲಸವನ್ನು ನಿಲ್ಲಿಸುತ್ತದೆ. ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ನರಗಳು ಅತಿಯಾಗಿ ಕೆರಳಿದ ಕಾಯಿಲೆಗಳಿಗೆ ಇದೇ ಮದ್ದಾಗಬಹುದು ಎಂದು ಆಗಲೇ ಊಹಿಸಿದ್ದರು. 1895ರಲ್ಲಿ ಬೆಲ್ಜಿಯಂನ ಒಂದು ಹಳ್ಳಿಯಲ್ಲಿ ಸಾವಿನ ಮನೆಗೆ ಬಂದ ವಾದ್ಯದವರು ಹಂದಿಮಾಂಸ ತಿಂದು ಕಾಯಿಲೆ ಬಿದ್ದರು. ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಿಂದ ರೋಗಾಣುವನ್ನು ಬೇರ್ಪಡಿಸಿದರು. ಅದೇ ಈಗ ಕ್ಲಾಸ್ಟ್ರಿಡಿಯಂ ಬೊಟುಲಿನಂ. ಲ್ಯಾಟಿನ್ ಭಾಷೆಯಲ್ಲಿ ಬೊಟುಲಸ್ ಎಂದರೆ ಸಾಸೇಜ್.

ಈ ಹೆಸರು ದೂರದ್ದು ಎನ್ನಿಸಬಹುದು. ಆದರೆ ಈ ವಂಶ ನಮ್ಮ ರೈತರಿಗೆ ಪರಿಚಯದ್ದೇ. ದನಗಳಿಗೆ ಬರುವ ಚಪ್ಪೆ ಬೇನೆ, ಕುರಿಗಳ ಕರುಳು ಬೇನೆ, ಇವೆರಡೂ ಇದೇ ಕ್ಲಾಸ್ಟ್ರಿಡಿಯಂ ವಂಶದ ಬೇರೆ ರೋಗಾಣುಗಳಿಂದ ಬರುತ್ತವೆ. ಇವಕ್ಕೆ ಲಸಿಕೆ ತಯಾರಾಗುವುದು ಇಲ್ಲೇ ಹೆಬ್ಬಾಳದಲ್ಲಿ, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ. ನಿಮ್ಮ ಕೊಟ್ಟಿಗೆಯ ಹಸುವಿಗೆ ಸೂಜಿ ಹಾಕಿಸುವಾಗ ನೀವು ಈ ವಂಶವನ್ನು ಪಳಗಿಸುವ ವಿದ್ಯೆಯ ಫಲ ಉಂಡಿದ್ದೀರಿ. ಲಸಿಕೆಯಲ್ಲಿ ಸತ್ವ ಕಳೆದ ರೋಗಾಣು ಇರುತ್ತದೆ. ರೆಪ್ಪೆಯ ಮದ್ದಿನಲ್ಲಿ ಇರುವುದು ನಿಜವಾದ ವಿಷವೇ, ಆದರೆ ಪ್ರಾಣಕ್ಕೆ ಅಪಾಯವಾಗದಷ್ಟು ಅತಿ ಸಣ್ಣ ಪ್ರಮಾಣದಲ್ಲಿ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಲನ್ ಸ್ಕಾಟ್ ಎಂಬ ಕಣ್ಣಿನ ವೈದ್ಯರಿದ್ದರು. ಮೆಳ್ಳಗಣ್ಣನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಸರಿಮಾಡುವ ದಾರಿ ಹುಡುಕುತ್ತಿದ್ದರು. ಎಡ್ವರ್ಡ್ ಶಾಂಟ್ಸ್ ಎಂಬ ವಿಜ್ಞಾನಿ ಶುದ್ಧೀಕರಿಸಿ ಕೊಟ್ಟ ಈ ವಿಷವನ್ನು ಮೊದಲು ಕೋತಿಗಳ ಕಣ್ಣಿನ ಸ್ನಾಯುವಿಗೆ ಕೊಟ್ಟು ನೋಡಿ 1973ರಲ್ಲಿ ವರದಿ ಮಾಡಿದರು. ಆ ದಶಕದ ಕೊನೆಗೆ ಒಪ್ಪಿದ ರೋಗಿಗಳಿಗೆ ಕೊಟ್ಟರು. ಮುಂದೆ ರೆಪ್ಪೆಯ ಸೆಳೆತಕ್ಕೂ ಬಳಸಿದರು. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಹೊರಬರುವುದನ್ನು ಇದು ತಡೆಯುತ್ತದೆ. ಆಜ್ಞೆ ಬಂದರೂ ಸ್ನಾಯುವಿಗೆ ತಲುಪುವುದಿಲ್ಲ. ಬಿಗಿತ ಬಿಡುತ್ತದೆ.

ಮಕ್ಕಳೇ, ಇಲ್ಲಿಂದ ಮುಂದಿನದು ನಿಮಗೆ. ಒಬ್ಬರಿಗೆ ಗುಣವಾಯಿತು ಎಂದ ಮಾತ್ರಕ್ಕೆ ಅದು ಮದ್ದು ಎಂದು ಹೇಳಲು ಬರುತ್ತದೆಯೇ? ಈ ಕಾಯಿಲೆ ತಾನಾಗಿ ಏರುತ್ತದೆ, ಇಳಿಯುತ್ತದೆ. ಸೂಜಿ ಹಾಕಿಸಿಕೊಂಡೆ ಎಂಬ ಭರವಸೆಗೇ ಕೆಲವರಿಗೆ ಹಗುರ ಎನ್ನಿಸುತ್ತದೆ. ತಾಯತ ಕಟ್ಟಿದವರೂ ಗುಣವಾಯಿತು ಎನ್ನುತ್ತಾರೆ. ಹಾಗಾದರೆ ತಾಯತಕ್ಕೂ ಮದ್ದಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ನಮ್ಮ ಶಾಲೆಯ ಪ್ರಯೋಗದ ಪುಸ್ತಕದಲ್ಲಿ ಉಪಕರಣ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ನಾಲ್ಕು ಭಾಗ ಇರುತ್ತಿತ್ತು. ವೀಕ್ಷಣೆಯ ಜಾಗ ಖಾಲಿ ಬಿಟ್ಟು ತೀರ್ಮಾನ ಬರೆದವರ ಪುಸ್ತಕ ವಿಜ್ಞಾನದ ಮೇಷ್ಟ್ರ ಮೇಜಿನಿಂದ ಸಹಿಯಿಲ್ಲದೆ ಹಿಂದಕ್ಕೆ ಬರುತ್ತಿತ್ತು. ದೊಡ್ಡ ಆಸ್ಪತ್ರೆಗಳ ಸಂಶೋಧನೆಯೂ ಇದೇ ನಾಲ್ಕು ಭಾಗ.

ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ನೋಡಲು ಅದೇ ಥರದ, ಆದರೆ ಮದ್ದಿಲ್ಲದ ಸೂಜಿ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ಹೀಗೆ ಇಬ್ಬರ ಆಸೆಯನ್ನೂ ಲೆಕ್ಕದಿಂದ ಹೊರಗಿಡುತ್ತಾರೆ. ಅಮೆರಿಕದ ಜೋಸೆಫ್ ಜಾಂಕೋವಿಕ್ ಮತ್ತು ಅವರ ಜೊತೆಯವರು 1987ರಲ್ಲಿ ಪ್ರಕಟಿಸಿದ ಪ್ರಯೋಗ ಈ ಬಗೆಯದು. ಸೆಳೆತ ಅಳೆಯಲು ಅವರ ಹೆಸರಿನದೇ ಒಂದು ಅಳತೆ ಇದೆ. ತೀವ್ರತೆಗೆ ಸೊನ್ನೆಯಿಂದ 4, ಎಷ್ಟು ಸಲ ಬರುತ್ತದೆ ಎಂಬುದಕ್ಕೆ ಸೊನ್ನೆಯಿಂದ 4. ಇನ್ನೊಂದು ಅಳತೆಯಲ್ಲಿ ರೋಗಿಯನ್ನೇ ಕೇಳುತ್ತಾರೆ: ಗಾಡಿ ಓಡಿಸುವುದು, ಓದುವುದು, ಟಿ.ವಿ. ನೋಡುವುದು, ಅಂಗಡಿಗೆ ಹೋಗುವುದು, ನಡೆಯುವುದು, ದಿನದ ಕೆಲಸ, ಈ ಆರರಲ್ಲಿ ಎಷ್ಟು ಕಷ್ಟ? ನನಗೆ ಈ ಪ್ರಶ್ನೆಗಳು ಬಹಳ ಇಷ್ಟ. ನಾಟಕವೇ ಅಲ್ಲವೇ ಎಂದು ಕೇಳದೆ, ಎಷ್ಟು ಕಷ್ಟ ಎಂದು ಕೇಳುತ್ತವೆ.

1989ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ಇಲಾಖೆ ಮೆಳ್ಳಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ ಈ ಮದ್ದನ್ನು ಒಪ್ಪಿತು. ಅದೇ ಮುಂದೆ ಬೊಟಾಕ್ಸ್ ಎಂಬ ಹೆಸರು ಪಡೆಯಿತು. ಸಿನಿಮಾ ತಾರೆಯರು ಸುಕ್ಕು ಹೋಗಲಾಡಿಸಲು ಹಾಕಿಸಿಕೊಳ್ಳುತ್ತಾರಲ್ಲ, ಅದೇ. ಆದರೆ ಅದು ಮೊದಲು ಬಂದದ್ದು ಕಣ್ಣಿನ ರೋಗಿಗಳಿಗಾಗಿ. ಆ ಒಪ್ಪಿಗೆಯ ಹಿಂದೆ ರೋಗಿಗಳ ಪಾಲೂ ಇದೆ. ಟೆಕ್ಸಾಸ್ ರಾಜ್ಯದ ಮ್ಯಾಟಿ ಲೌ ಕಾಸ್ಟರ್ ಎಂಬ ಮಹಿಳೆ, ಸ್ವತಃ ಈ ಕಾಯಿಲೆಯವರು, 1981ರಲ್ಲಿ ರೋಗಿಗಳ ಸಂಸ್ಥೆ ಕಟ್ಟಿ ಸಂಶೋಧನೆಗೆ ಬೆನ್ನೆಲುಬಾಗಿ ನಿಂತರು.

ಇದರ ಮಿತಿಯನ್ನೂ ಹೇಳಬೇಕು. ಸೂಜಿ ಬಹಳ ಸಣ್ಣದು, ರೆಪ್ಪೆಯ ಸುತ್ತ ಕೆಲವು ಕಡೆ ಚುಚ್ಚುತ್ತಾರೆ, ಕೆಲವೇ ನಿಮಿಷದ ಕೆಲಸ. ಎರಡು ಮೂರು ದಿನದಿಂದ ವಾರದೊಳಗೆ ಗುಣ ಕಾಣಿಸುತ್ತದೆ. ಸುಮಾರು ಮೂರು ತಿಂಗಳು ಇರುತ್ತದೆ. ನರದ ತುದಿ ಮತ್ತೆ ಕೆಲಸ ಶುರುಮಾಡಿದಾಗ ಸೆಳೆತವೂ ಮರಳುತ್ತದೆ, ಮತ್ತೆ ಸೂಜಿ ಬೇಕು. ಬೇರು ಇರುವುದು ಮಿದುಳಿನಲ್ಲಿ. ನಾವು ತಡೆಯುವುದು ತುದಿಯಲ್ಲಿ. ಕೆಲವರಿಗೆ ಸ್ವಲ್ಪ ದಿನ ರೆಪ್ಪೆ ಜೋಲಬಹುದು, ಕಣ್ಣು ಒಣಗಬಹುದು, ಒಂದು ಎರಡಾಗಿ ಕಾಣಬಹುದು. ಇವು ಸಾಮಾನ್ಯವಾಗಿ ತಾವಾಗಿ ಇಳಿಯುತ್ತವೆ. ಒಂದು ಕಂಪನಿಯ ಮದ್ದಿನ ಯೂನಿಟ್ ಇನ್ನೊಂದು ಕಂಪನಿಯದಕ್ಕೆ ಸಮವಲ್ಲ. ಅದಕ್ಕೇ ತಿಳಿದವರ ಕೈಯಲ್ಲೇ ಹಾಕಿಸಿಕೊಳ್ಳಬೇಕು, ಯಾವ ಮದ್ದು, ಎಷ್ಟು ಎಂಬ ಚೀಟಿ ಇಟ್ಟುಕೊಳ್ಳಬೇಕು. 2020ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಎಲ್ಲ ಪ್ರಯೋಗಗಳನ್ನು ಜರಡಿ ಹಿಡಿದಾಗ ಅದರ ನಿಯಮಕ್ಕೆ ನಿಂತವು ಮೂರು, ಅವುಗಳಲ್ಲಿದ್ದವರು ಒಟ್ಟು 313 ಜನ. ತೀವ್ರತೆಯ ಅಳತೆಯಲ್ಲಿ ಸರಾಸರಿ ಸುಮಾರು ಒಂದು ಅಂಕ ಇಳಿದಿತ್ತು. ಒಂದು ಅಂಕ ಕಡಿಮೆ ಎನ್ನಿಸುತ್ತದೆಯೇ? ಒಬ್ಬರೇ ರಸ್ತೆ ದಾಟುವುದಕ್ಕೂ ಮಗನ ಕೈಹಿಡಿದು ದಾಟುವುದಕ್ಕೂ ಇರುವ ಅಂತರ ಕೆಲವರಿಗೆ ಅಷ್ಟೇ ಇರುತ್ತದೆ.

ಆದ್ದರಿಂದ ಸಂಶೋಧನೆ ಮುಗಿದಿಲ್ಲ. ಹೆಚ್ಚು ಕಾಲ ಉಳಿಯುವ ಮದ್ದು, ಬೆಳಕಿನ ಕಾಟ ತಗ್ಗಿಸುವ ಗುಲಾಬಿ ಛಾಯೆಯ ಕನ್ನಡಕ, ಯಾವುದಕ್ಕೂ ಬಗ್ಗದವರಿಗೆ ಮಿದುಳಿನೊಳಗೆ ವಿದ್ಯುತ್ ತಂತಿ ಇಡುವ ಚಿಕಿತ್ಸೆ, ಇವುಗಳ ಪರೀಕ್ಷೆ ನಡೆಯುತ್ತಲೇ ಇದೆ. ಬೆಂಗಳೂರಿನಂಥ ಊರಿನ ಪಕ್ಕದಲ್ಲಿರುವ ನಿಮ್ಮನ್ನು ಒಂದಲ್ಲ ಒಂದು ದಿನ, ಈ ಕಾಯಿಲೆಗೋ ಇನ್ನೊಂದಕ್ಕೋ, ಪ್ರಯೋಗಕ್ಕೆ ಸೇರುತ್ತೀರಾ ಎಂದು ಆಸ್ಪತ್ರೆಯವರು ಕೇಳಬಹುದು. "ನಾವೇನು ಇಲಿಗಳಾ?" ಎಂದು ಎದ್ದು ಬರುವವರಿದ್ದಾರೆ. ದೊಡ್ಡ ಡಾಕ್ಟರು ಹೇಳಿದರು ಎಂದು ಓದದೆ ಹೆಬ್ಬೆಟ್ಟು ಒತ್ತುವವರೂ ಇದ್ದಾರೆ. ಎರಡೂ ಬೇಡ. ಕೇಳಿ.

ಏನು ಕೇಳಬೇಕು? ಇದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ? ಆ ನೋಂದಣಿ 2007ರಲ್ಲಿ ಶುರುವಾಯಿತು, 2009ರಿಂದ ಕಡ್ಡಾಯ. ಯಾರು ಬೇಕಾದರೂ ತೆಗೆದು ನೋಡಬಹುದು. ನೀತಿ ಸಮಿತಿ ಒಪ್ಪಿದೆಯೇ? 2019ರ ನಿಯಮದ ಪ್ರಕಾರ ಆ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಜನ ಆ ಸಂಸ್ಥೆಗೆ ಸೇರದವರಾಗಿರಬೇಕು, ವೈದ್ಯರಲ್ಲದ ಸಾಮಾನ್ಯರೂ ಒಬ್ಬರು ಇರಬೇಕು. ಒಪ್ಪಿಗೆ ಪತ್ರ ನನಗೆ ಅರ್ಥವಾಗುವ ಕನ್ನಡದಲ್ಲಿದೆಯೇ? ಓದಲು ಬಾರದವರಿಗೆ ಓದಿ ಹೇಳುವಾಗ ಆಸ್ಪತ್ರೆಯವರಲ್ಲದ ಸಾಕ್ಷಿ ಇರಬೇಕು. ಮದ್ದಿಲ್ಲದ ಸೂಜಿ ಬರುವ ಸಂಭವ ಎಷ್ಟು? ನಡುವೆ ಬಿಟ್ಟುಹೋದರೆ ನನ್ನ ಮಾಮೂಲು ಚಿಕಿತ್ಸೆ ನಿಲ್ಲುತ್ತದೆಯೇ? ನಿಲ್ಲಬಾರದು, ಬಿಟ್ಟುಹೋಗುವ ಹಕ್ಕು ನಿಮ್ಮದು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ನಿಯಮದಲ್ಲಿವೆ. ಈ ಪ್ರಶ್ನೆ ಕೇಳಿದರೆ ಮುಖ ಸಿಂಡರಿಸುವ ಕಡೆ ಸೇರಬೇಡಿ. ಸಮಾಧಾನವಾಗಿ ಉತ್ತರ ಕೊಡುವ ಕಡೆ ಸೇರುವುದರಲ್ಲಿ ಮರ್ಯಾದೆ ಕಡಿಮೆಯಾಗುವುದೇನೂ ಇಲ್ಲ. ಯಾವುದೋ ದೇಶದ, ಹೆಸರು ಗೊತ್ತಿಲ್ಲದ ಆ 313 ಜನ ಒಪ್ಪಿದ್ದರಿಂದ ನಮ್ಮೂರಿನವರ ಕಣ್ಣಿಗೆ ಹಾಕುವ ಸೂಜಿಯ ಮೇಲೆ ನನಗೆ ಭರವಸೆ ಬಂದಿದೆ.

ಕೊನೆಯದಾಗಿ ಮನೆಯಲ್ಲಿ ಮಾಡಬಹುದಾದ ಕೆಲಸ. ಯಾರಿಗಾದರೂ ಎರಡೂ ಕಣ್ಣು ಪದೇ ಪದೇ ಮುಚ್ಚಿಕೊಳ್ಳುತ್ತಿದ್ದರೆ, ಅವರ ಒಪ್ಪಿಗೆ ಕೇಳಿ, ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ತೆಗೆಯಿರಿ. ನೆರಳಿನಲ್ಲಿ ಒಂದು, ಬಿಸಿಲಿನಲ್ಲಿ ಒಂದು. ಎವೆ ಎಷ್ಟು ಸಲ ಬಡಿಯಿತು ಎಂದು ಮಕ್ಕಳು ಎಣಿಸಿ ದಿನಾಂಕ ಹಾಕಿ ಬರೆಯಲಿ. ಏನು ಮಾಡಿದರೆ ಸಡಿಲವಾಗುತ್ತದೆ ಎಂದು ಬರೆಯಿರಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಕೆಲವು ಮಾತ್ರೆಗಳನ್ನು ಬಹಳ ಕಾಲ ತಿಂದರೂ ಇಂಥ ಸೆಳೆತ ಬರುತ್ತದೆ. ಮುಖದ ಒಂದೇ ಕಡೆ, ಕಣ್ಣಿನ ಜೊತೆ ಕೆನ್ನೆ, ತುಟಿಯೂ ಎಳೆಯುತ್ತಿದ್ದರೆ ಅದು ಬೇರೆ ಕಾಯಿಲೆ, ಹೆಚ್ಚಾಗಿ ನರವನ್ನು ರಕ್ತನಾಳ ಒತ್ತುವುದರಿಂದ ಬರುವಂಥದ್ದು, ಅದನ್ನೂ ತೋರಿಸಬೇಕು. ಕಣ್ಣಿನ ಪರೀಕ್ಷೆಗೆ ಮಿಂಟೋ ಆಸ್ಪತ್ರೆ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಚಲನೆಯ ದೋಷಗಳನ್ನೇ ನೋಡುವ ನರತಜ್ಞರಿದ್ದಾರೆ, ಈ ಚುಚ್ಚುಮದ್ದೂ ಅಲ್ಲಿ ಸಿಗುತ್ತದೆ. ಅದು ಹುಚ್ಚಾಸ್ಪತ್ರೆ, ಹೋದರೆ ಊರವರು ಏನೆನ್ನುತ್ತಾರೋ ಎಂದು ಹೆದರಿ ಎಷ್ಟೋ ಜನ ವರ್ಷಗಟ್ಟಲೆ ಮನೆಯಲ್ಲೇ ಕೂರುತ್ತಾರೆ. ಮನಸ್ಸಿನ ಕಾಯಿಲೆಗೆ ಹೋಗುವುದೂ ನಾಚಿಕೆಯ ವಿಷಯವಲ್ಲ. ಇದಂತೂ ನರದ ಕಾಯಿಲೆ. ಆ ಊರವರು ಎಂದರೆ ನಾವೇ. ನಾವು ಆ ಮಾತು ಆಡದಿದ್ದರೆ ಅವರು ಒಂದು ವರ್ಷ ಮೊದಲೇ ಬಸ್ಸು ಹತ್ತುತ್ತಾರೆ.

ಐವತ್ತು ವರ್ಷದಿಂದ ಈ ಶಾಲೆ ನಮ್ಮ ಮಕ್ಕಳಿಗೆ ಮೊದಲು ನೋಡು, ಎಣಿಸು, ಬರೆ, ಆಮೇಲೆ ತೀರ್ಮಾನಿಸು ಎಂದು ಹೇಳಿಕೊಡುತ್ತಾ ಬಂದಿದೆ. ಈ ಪಾಠವನ್ನು ಮನೆಯ ಜಗುಲಿಗೂ ಒಯ್ಯೋಣ ಎಂದು ಕೇಳಿಕೊಳ್ಳುತ್ತೇನೆ.